ರೆಕ್ಕೆಗೊಂದು ಕಡಾಣಿ: ದೊಡ್ಡ ಮಾದರಿ ಗ್ಲೈಡರುಗಳ ಸುರಕ್ಷತೆಯ ಗುಟ್ಟು

ಎತ್ತಿನ ಗಾಡಿಯ ಭಾರವನ್ನು ಹೊರುವುದು ಅಚ್ಚು. ಆದರೆ ಚಕ್ರವು ಅಚ್ಚಿನಿಂದ ಜಾರಿ ಹೊರಬೀಳದಂತೆ ತಡೆಯುವುದು ತುದಿಯಲ್ಲಿರುವ ಪುಟ್ಟ ಕಡಾಣಿ. ಗಾಡಿ ಎಷ್ಟೇ ಗಟ್ಟಿಮುಟ್ಟಾಗಿರಲಿ, ಕಡಾಣಿ ಕಳಚಿದರೆ ಪಯಣ ಅಲ್ಲಿಗೇ ಮುಗಿಯಿತು. ರೇಡಿಯೋ ಮೂಲಕ ನಿಯಂತ್ರಿಸುವ ದೊಡ್ಡ ಮಾದರಿ ಗ್ಲೈಡರುಗಳ ರೆಕ್ಕೆಗಳಿಗೂ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ.

ಎಂಜಿನ್ನಿನ ನೆರವಿಲ್ಲದೆ, ಮೇಲೇರುವ ಗಾಳಿಯನ್ನೇ ಆಶ್ರಯಿಸಿ ಹಾರುವ ವಿಮಾನವೇ ಗ್ಲೈಡರ್. ಜರ್ಮನಿಯ ರೋನ್ ಪ್ರದೇಶದಲ್ಲಿರುವ 950 ಮೀಟರ್ ಎತ್ತರದ ವಾಸರ್‌ಕುಪ್ಪೆ ಬೆಟ್ಟವು ಈ ಕ್ರೀಡೆಯ ತೊಟ್ಟಿಲು. ಮೊದಲ ರೋನ್ ಗ್ಲೈಡಿಂಗ್ ಸ್ಪರ್ಧೆ ನಡೆದದ್ದು 1920ರಲ್ಲಿ, ಇದೇ ಬೆಟ್ಟದ ಮೇಲೆ. ಬೆಟ್ಟದ ತಪ್ಪಲಿನ ಪೊಪ್ಪೆನ್‌ಹೌಸೆನ್‌ನಲ್ಲಿ 1927ರಲ್ಲಿ ಆರಂಭವಾದ ಶ್ಲೈಖರ್ ಕಾರ್ಖಾನೆಯ ಎಎಸ್‌ಕೆ 21 ಎಂಬ ತರಬೇತಿ ಗ್ಲೈಡರಿನ ರೆಕ್ಕೆಗಳ ಹರವು 17 ಮೀಟರ್. ಹವ್ಯಾಸಿಗಳು ಇದನ್ನು ನಾಲ್ಕನೇ ಒಂದು ಅಳತೆಯಲ್ಲಿ ನಿರ್ಮಿಸಿದರೆ ಹರವು 4.25 ಮೀಟರ್ ಆಗುತ್ತದೆ. ಮೂರನೇ ಒಂದು ಅಳತೆಯಾದರೆ ಸುಮಾರು 5.7 ಮೀಟರ್. ಇಷ್ಟು ದೊಡ್ಡ ಆಕೃತಿಯನ್ನು ಇಡಿಯಾಗಿ ಕಾರಿನಲ್ಲಿ ಸಾಗಿಸುವುದು ಅಸಾಧ್ಯ. ಆದ್ದರಿಂದ ಪ್ರತಿ ಬಾರಿಯೂ ರೆಕ್ಕೆ ಬಿಚ್ಚಬೇಕು, ಮತ್ತೆ ಜೋಡಿಸಬೇಕು. ಅಪಾಯ ಅಡಗಿರುವುದು ಈ ಬಿಚ್ಚಿ ಜೋಡಿಸುವ ಕೆಲಸದಲ್ಲಿಯೇ.

ಮೂರು ಬಲ, ಮೂರು ಕಾವಲು

ರೆಕ್ಕೆಯ ಬುಡದ ಮೇಲೆ ಮುಖ್ಯವಾಗಿ ಮೂರು ಬಗೆಯ ಬಲಗಳು ವರ್ತಿಸುತ್ತವೆ. ಮೊದಲನೆಯದು ರೆಕ್ಕೆಯನ್ನು ಮೇಲಕ್ಕೆ ಬಾಗಿಸುವ ಬಲ. ಒಡಲಿನ ಮೂಲಕ ಹಾದು ಎರಡೂ ರೆಕ್ಕೆಗಳ ಒಳಗಿನ ಕೊಳವೆಗಳಲ್ಲಿ ಕೂರುವ ಉಕ್ಕಿನ ಅಥವಾ ಕಾರ್ಬನ್ ನಾರಿನ ದಪ್ಪ ಸರಳು ಇದನ್ನು ಹೊರುತ್ತದೆ. ಎರಡನೆಯದು ರೆಕ್ಕೆಯನ್ನು ತಿರುಚುವ ಬಲ. ಸರಳು ದುಂಡಗಿದ್ದರೆ ರೆಕ್ಕೆ ಅದರ ಸುತ್ತ ತಿರುಗಿಬಿಡಬಹುದು. ಅದನ್ನು ತಡೆಯಲು ಸರಳಿನಿಂದ ಸ್ವಲ್ಪ ದೂರದಲ್ಲಿ ಚಿಕ್ಕ ಗೂಟವೊಂದನ್ನು ಇಡುತ್ತಾರೆ. ಮೂರನೆಯದು ರೆಕ್ಕೆಯನ್ನು ಸರಳಿನಗುಂಟ ಹೊರಕ್ಕೆ ಜಾರಿಸುವ ಬಲ. ಇದಕ್ಕೆ ಬೇಕಾದದ್ದೇ ಕಡಾಣಿ.

ಈ ಬಲಗಳ ಪ್ರಮಾಣವೇನು? ಒಟ್ಟು ತೂಕ 8 ಕಿಲೋ, ಒಂದೊಂದು ರೆಕ್ಕೆಯ ತೂಕ 2 ಕಿಲೋ ಇರುವ ಮಾದರಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕಡಿದಾದ ಧುಮುಕಿನಿಂದ ಮೇಲೇಳುವಾಗ ಭಾರವು ಹತ್ತು ಪಟ್ಟಾದರೆ, 4 ಕಿಲೋದ ಒಡಲು 40 ಕಿಲೋದಂತೆ ಸರಳಿನ ಮೇಲೆ ತೂಗುತ್ತದೆ. ಹೊರಜಾರಿಸುವ ಬಲ ಇದಕ್ಕಿಂತ ಬಹಳ ಕಡಿಮೆ. ರೆಕ್ಕೆಯ ಭಾರಕೇಂದ್ರವು ಒಡಲಿನ ನಡುಗೆರೆಯಿಂದ 80 ಸೆಂಟಿಮೀಟರ್ ದೂರದಲ್ಲಿದ್ದು, ಗ್ಲೈಡರ್ ಎರಡು ಸೆಕೆಂಡಿಗೊಮ್ಮೆ ಉರುಳು ಹಾಕಿದರೆ ರೆಕ್ಕೆ ಸುಮಾರು 1.6 ಕಿಲೋ ಬಲದಿಂದ ಹೊರಕ್ಕೆ ಎಳೆಯುತ್ತದೆ. ಉರುಳಿನ ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗಿ 6.4 ಕಿಲೋ ತಲುಪುತ್ತದೆ. ಶಾಂತವಾದ ಹಾರಾಟಕ್ಕೆ ಸಾಲುವ ಬಂಧನವು ಕಸರತ್ತಿಗೆ ಸಾಲದೆಂಬ ಮಾತಿನ ಹಿಂದಿರುವುದು ಈ ಲೆಕ್ಕವೇ.

ಬಂಧನದ ಬಗೆಗಳು

ಅತ್ಯಂತ ಸರಳ ಉಪಾಯವೆಂದರೆ ಅಂಟುಪಟ್ಟಿ. ರೆಕ್ಕೆ ಮತ್ತು ಒಡಲು ಕೂಡುವ ಕಡೆ ಸುತ್ತಲೂ ಟೇಪ್ ಹಚ್ಚಿದರೆ ರೆಕ್ಕೆ ಜಾರದು. ಸಂದಿನಲ್ಲಿ ಗಾಳಿ ನುಸುಳುವುದೂ ನಿಲ್ಲುತ್ತದೆ. ಆದರೆ ಧೂಳು, ಇಬ್ಬನಿ, ಹೊಳಪಿಗಾಗಿ ಸವರಿದ ಮೇಣ, ಇವೆಲ್ಲವೂ ಅಂಟಿನ ಶತ್ರುಗಳು. ಚಳಿಯಲ್ಲಿ ಟೇಪ್ ಸೆಟೆದುಕೊಳ್ಳುತ್ತದೆ. ಮೇಲ್ಮೈಯನ್ನು ಒರೆಸಿ, ಪ್ರತಿ ಬಾರಿಯೂ ಹೊಸ ಟೇಪನ್ನೇ ಹಚ್ಚಬೇಕು. ದೊಡ್ಡ ಮಾದರಿಗಳಲ್ಲಿ ಇದನ್ನು ಒಂಟಿ ಕಾವಲಾಗಿ ನಂಬುವುದಕ್ಕಿಂತ ಇನ್ನೊಂದು ಬಂಧನದ ಜೊತೆಗಾರನಾಗಿ ಬಳಸುವುದು ಲೇಸು.

ಎರಡನೆಯ ಉಪಾಯ ರಬ್ಬರ್ ಬ್ಯಾಂಡ್ ಅಥವಾ ಸ್ಪ್ರಿಂಗ್. ಎರಡೂ ರೆಕ್ಕೆಗಳ ಬುಡದಲ್ಲಿ ಕೊಕ್ಕೆಗಳನ್ನು ಇಟ್ಟು, ಒಡಲಿನೊಳಗಿಂದ ಹಾಯುವ ಸ್ಪ್ರಿಂಗಿನಿಂದ ಪರಸ್ಪರ ಬಿಗಿಯುತ್ತಾರೆ. ರೆಕ್ಕೆಗಳು ಸದಾ ಒಡಲಿಗೆ ಒತ್ತಿಕೊಂಡಿರುತ್ತವೆ. ಮೇಲಿನ ಉದಾಹರಣೆಯಲ್ಲಿ ಸ್ಪ್ರಿಂಗಿನ ಬಿಗಿತವು 6.4 ಕಿಲೋ ಮೀರಿರಬೇಕು. ಇಲ್ಲದಿದ್ದರೆ ವೇಗದ ಉರುಳಿನಲ್ಲಿ ಸಂದು ಬಾಯ್ದೆರೆಯುತ್ತದೆ. ಬಿಸಿಲಿಗೆ ರಬ್ಬರ್ ಬಿರುಕು ಬಿಡುವುದರಿಂದ ಅದನ್ನು ಆಗಾಗ ಬದಲಿಸುವುದು ಅನಿವಾರ್ಯ.

ಮೂರನೆಯದು ಬೋಲ್ಟು. ಒಡಲಿನ ಒಳಗಿನಿಂದ ರೆಕ್ಕೆಯ ಬುಡದ ಹಲಗೆಯಲ್ಲಿ ಕೂರಿಸಿದ ನಟ್ಟಿಗೆ ಇದನ್ನು ಬಿಗಿಯಲಾಗುತ್ತದೆ. ಬಿಗಿದದ್ದು ಕಣ್ಣಿಗೆ ಕಾಣುತ್ತದೆ, ಕೈಗೂ ತಿಳಿಯುತ್ತದೆ ಎಂಬುದು ಇದರ ಹಿರಿಮೆ. ಟಿಚ್ ಬಟನ್ನಿನಂತೆ ಒತ್ತಿದೊಡನೆ ಕಚ್ಚಿಕೊಳ್ಳುವ ಕ್ಲಿಪ್ಪುಗಳೂ, ಬಾಗಿಲಿನ ಅಗುಳಿಯಂತೆ ತಿರುಗಿಸಿ ಭದ್ರಪಡಿಸುವ ಕೀಲುಗಳೂ ಬಳಕೆಯಲ್ಲಿವೆ. ಇವುಗಳಲ್ಲಿ ಕೆಲಸ ಬೇಗ ಮುಗಿಯುತ್ತದೆ. ಆದರೆ ಕೀಲು ಪೂರ್ತಿ ಕೂತಿದೆಯೋ, ಅರ್ಧಕ್ಕೇ ನಿಂತಿದೆಯೋ ಎಂಬುದನ್ನು ಎಳೆದು ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಅಯಸ್ಕಾಂತ ಚಿಕ್ಕ ಮಾದರಿಗಳಿಗಷ್ಟೇ ಸರಿ. ಸಂದು ಒಂದೆರಡು ಮಿಲಿಮೀಟರ್ ತೆರೆದೊಡನೆ ಅದರ ಹಿಡಿತ ಥಟ್ಟನೆ ಕುಸಿಯುತ್ತದೆ.

ಅತಿ ಬಿಗಿಯೂ ಅಪಾಯ

ಹಾಗಾದರೆ ಉಕ್ಕಿನ ಬೋಲ್ಟಿನಿಂದ ಅಲುಗಾಡದಂತೆ ಬಿಗಿದುಬಿಟ್ಟರೆ ಸಾಲದೆ? ಸಾಲದು. ಗ್ಲೈಡರ್ ನೆಲಕ್ಕಿಳಿಯುವಾಗ ಒಂದು ರೆಕ್ಕೆಯ ತುದಿ ಹುಲ್ಲಿಗೆ ತೊಡರಿತೆಂದರೆ, ಸುಮಾರು 2 ಮೀಟರ್ ಉದ್ದದ ರೆಕ್ಕೆಯೇ ಸನ್ನೆಗೋಲಾಗುತ್ತದೆ. ತುದಿಯಲ್ಲಿ ತಗುಲಿದ ಅಲ್ಪ ಬಲ ಬುಡದಲ್ಲಿ ಹತ್ತಾರು ಪಟ್ಟಾಗಿ ಎರಗುತ್ತದೆ. ಆಗ ಟೇಪ್ ಅಥವಾ ಸ್ಪ್ರಿಂಗ್ ಇದ್ದರೆ ರೆಕ್ಕೆ ಕೊಂಚ ಸರಿದು ಆಘಾತವನ್ನು ನುಂಗಿಕೊಳ್ಳುತ್ತದೆ. ಉಕ್ಕಿನ ಬೋಲ್ಟು ಬಿಡುವುದಿಲ್ಲ. ಬದಲಿಗೆ ಬುಡದ ಹಲಗೆ ಕಿತ್ತುಬರುತ್ತದೆ, ಇಲ್ಲವೇ ಒಡಲು ಸೀಳುತ್ತದೆ. ಅನೇಕರು ನೈಲಾನ್ ಬೋಲ್ಟನ್ನು ಆರಿಸಿಕೊಳ್ಳುವುದು ಇದಕ್ಕಾಗಿಯೇ. ಹಾರಾಟದ ಎಳೆತವನ್ನು ಅದು ತಾಳುತ್ತದೆ, ನೆಲದ ಹೊಡೆತಕ್ಕೆ ತಾನು ಮುರಿದು ಉಳಿದುದನ್ನು ಉಳಿಸುತ್ತದೆ. ಮನೆಯ ವಿದ್ಯುತ್ ಫ್ಯೂಸಿನ ಧರ್ಮವೂ ಇದೇ ಅಲ್ಲವೇ? ಬಾನಿನಲ್ಲಿ ಬಿಡಬಾರದು, ನೆಲದಲ್ಲಿ ಬಿಡಬೇಕು. ಒಳ್ಳೆಯ ಕಡಾಣಿಯ ಲಕ್ಷಣವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ತಂತಿಯ ಪಾಲು

ರೆಕ್ಕೆ ಪೂರ್ತಿ ಕಳಚಿದರೆ ಮಾತ್ರ ಅನಾಹುತ ಎಂದು ಭಾವಿಸುವಂತಿಲ್ಲ. ರೆಕ್ಕೆಯ ಹಿಂಬದಿಯ ಅಲೆರಾನ್‌ಗಳನ್ನು ಆಡಿಸುವ ಸರ್ವೋ ಮೋಟರುಗಳಿಗೆ ಒಡಲಿನಿಂದಲೇ ವಿದ್ಯುತ್ತೂ ಸಂಕೇತವೂ ಹೋಗಬೇಕು. ಅನೇಕ ಮಾದರಿಗಳಲ್ಲಿ ಇದರ ಪ್ಲಗ್ಗು ರೆಕ್ಕೆಯ ಬುಡದಲ್ಲೇ ಇದ್ದು, ರೆಕ್ಕೆ ತಳ್ಳಿದೊಡನೆ ತಾನಾಗಿ ಕೂರುತ್ತದೆ. ಅನುಕೂಲವೇನೋ ಹೌದು. ಆದರೆ ರೆಕ್ಕೆ ಕೆಲವು ಮಿಲಿಮೀಟರ್ ಹೊರಜಾರಿದರೂ ಸಂಪರ್ಕ ಕಡಿದು, ಆ ಬದಿಯ ನಿಯಂತ್ರಣ ತಪ್ಪುತ್ತದೆ.

ತಪ್ಪಿದರೆ ಆಗುವುದೇನು? 8 ಕಿಲೋದ ಮಾದರಿ ಗಂಟೆಗೆ 108 ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸಿದರೆ, ಅಷ್ಟೇ ತೂಕದ ಕಲ್ಲೊಂದು 46 ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಕೆಳಗೆ ಪ್ರೇಕ್ಷಕರಿರಬಹುದು, ಮಕ್ಕಳಿರಬಹುದು. ಭಾರತದ 2021ರ ಡ್ರೋನ್ ನಿಯಮಗಳು 25 ಕಿಲೋ ಮೀರದ, ಹವ್ಯಾಸ ಮತ್ತು ಕಲಿಕೆಗಾಗಿ ಕಣ್ಣಳತೆಯಲ್ಲೇ ಹಾರಿಸುವ ವಿಮಾನಗಳನ್ನು ಮಾದರಿಗಳೆಂದು ಗುರುತಿಸುತ್ತವೆ. ಕಾನೂನಿನ ಮಾತಿನಲ್ಲಿ ಮಾದರಿಯಾದರೂ ಇದು ಮಕ್ಕಳಾಟಿಕೆಯಲ್ಲ.

ದೊಡ್ಡವರಿಂದ ಕಲಿತ ಪಾಠ

ಮನುಷ್ಯರು ಹಾರುವ ಗ್ಲೈಡರುಗಳ ರೆಕ್ಕೆಗಳನ್ನೂ ಬಿಚ್ಚಿ ಸಾಗಿಸುತ್ತಾರೆ. ಅಲ್ಲಿ ಜೋಡಣೆ ಮುಗಿದ ಮೇಲೆ ಒಂದು ಕಟ್ಟುನಿಟ್ಟಿನ ಕ್ರಮವಿದೆ. ಒಬ್ಬರು ರೆಕ್ಕೆಯ ನಿಯಂತ್ರಣ ಫಲಕವನ್ನು ಕೈಯಲ್ಲಿ ಅಮುಕಿ ಹಿಡಿಯುತ್ತಾರೆ, ಇನ್ನೊಬ್ಬರು ಒಳಗಿನಿಂದ ಅದನ್ನು ಆಡಿಸಲು ಯತ್ನಿಸುತ್ತಾರೆ. ಕೊಂಡಿ ಸರಿಯಾಗಿ ಕೂತಿರದಿದ್ದರೆ ಆಗಲೇ ಬಯಲಾಗುತ್ತದೆ.

ಮಾದರಿಗೂ ಇದೇ ಪಾಠ ಸಾಕು. ಮೊದಲು ಸರಳು, ಗೂಟ, ಪ್ಲಗ್ಗುಗಳನ್ನು ನೋಡಬೇಕು. ಬಳಿಕ ಬಂಧನವನ್ನು ಭದ್ರಪಡಿಸಿ, ಎರಡೂ ರೆಕ್ಕೆಗಳನ್ನು ಹೊರಕ್ಕೆ ಎಳೆದು ಪರೀಕ್ಷಿಸಬೇಕು. ಕೊನೆಗೆ ಪ್ರತಿಯೊಂದು ಅಲೆರಾನ್ ಸರಿಯಾದ ದಿಕ್ಕಿಗೆ ಆಡುತ್ತಿದೆಯೇ ಎಂದು ಗಮನಿಸಬೇಕು. ನಡುವೆ ಯಾರಾದರೂ ಮಾತಿಗೆಳೆದರೆ ಪರೀಕ್ಷೆಯನ್ನು ಮೊದಲಿನಿಂದ ಆರಂಭಿಸುವುದು ಒಳಿತು. ಇದಕ್ಕೆ ತಗಲುವುದು ಎರಡು ನಿಮಿಷ. ತಿಂಗಳುಗಟ್ಟಲೆ ಕೂತು ಕಟ್ಟಿದ ವಿಮಾನವನ್ನೂ ಅದರ ಕೆಳಗೆ ನಿಂತವರನ್ನೂ ಕಾಯುವುದು ಆ ಎರಡು ನಿಮಿಷಗಳೇ.