ರೋಗಿಯ ಗುಟ್ಟು, ರೋಗಿಯ ಸಹಿ

ಕುಂದಾಪುರ, ಬೈಂದೂರು, ಬ್ರಹ್ಮಾವರದಂತಹ ಪರಸ್ಪರ ಪರಿಚಯದ ಊರುಗಳಲ್ಲಿ ಕುಡಿತದ ಚಟಕ್ಕೋ ಮನೋರೋಗಕ್ಕೋ ಚಿಕಿತ್ಸೆ ಬಯಸುವವರನ್ನು ಅನೇಕ ವೇಳೆ ತಡೆಯುವುದು ಮಾನ ಹೋದೀತೆಂಬ ಅಂಜಿಕೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯೊಳಗೆ ಸೇರಿಸಿರುವುದರಿಂದ, ಅದರ 23ನೆಯ ಸೆಕ್ಷನ್ ಕೊಡುವ ಗೌಪ್ಯತೆಯ ಹಕ್ಕು, ಅಂದರೆ ಚಿಕಿತ್ಸೆಯ ವಿವರ ಹೊರಹೋಗದಂತೆ ಕಾಯ್ದುಕೊಳ್ಳುವ ಹಕ್ಕು, ವ್ಯಸನಿಗೂ ಸಲ್ಲುತ್ತದೆ. ಪ್ರಾಣಾಪಾಯ ತಪ್ಪಿಸಲು, ಇತರರನ್ನು ಹಿಂಸೆಯಿಂದ ಕಾಪಾಡಲು ಅಥವಾ ನ್ಯಾಯಾಲಯದ ಆದೇಶದಂತೆ ಮಾಹಿತಿ ನೀಡಬಹುದಾದರೂ, ನೆರೆಹೊರೆಯ ಕುತೂಹಲ ಈ ವಿನಾಯಿತಿಗಳಲ್ಲಿಲ್ಲ. ಚಿಕಿತ್ಸೆಯಲ್ಲಿರುವವರ ಭಾವಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು 24ನೆಯ ಸೆಕ್ಷನ್ ನಿಷೇಧಿಸುತ್ತದೆ; ಊರಿನ ಸಹಕಾರದಿಂದಲೇ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿಯೂ ಇದೇ ಎಚ್ಚರ ಇರಲೇಬೇಕು.

ಒಪ್ಪಿಗೆಯೆಂದರೆ ಬರಿಯ ಸಹಿಯಲ್ಲ. ಚಿಕಿತ್ಸೆಯ ಸ್ವರೂಪ, ಅಪಾಯ ಮತ್ತು ಪರ್ಯಾಯಗಳನ್ನು ತಿಳಿಯುವ ಭಾಷೆಯಲ್ಲಿ ಕೇಳಿ, ಒತ್ತಡವಿಲ್ಲದೆ ಕೊಡುವ ಸಮ್ಮತಿ. ವಯಸ್ಕರು ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ, ತಮ್ಮ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯನ್ನು ಮೊದಲೇ ನೇಮಿಸಬಹುದು. ರೋಗಿಗೆ ನಿರ್ಧರಿಸುವ ಶಕ್ತಿ ಕುಂದಿ, ಗಂಭೀರ ಅಪಾಯವಿರುವಾಗ ಆ ಪ್ರತಿನಿಧಿಯ ಅರ್ಜಿಯ ಮೇಲೆ ಆಸ್ಪತ್ರೆಗೆ ದಾಖಲಿಸಿಕೊಳ್ಳುವ ಅವಧಿ ಮೊದಲಿಗೆ 30 ದಿನಗಳನ್ನು ಮೀರುವಂತಿಲ್ಲ, ಮತ್ತು ದಾಖಲಾತಿಗೆ ಮುನ್ನ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು. ಕುಟುಂಬದವರ ಬೇಸರವೊಂದೇ ಇದಕ್ಕೆ ಸಾಲದು.

ಆದ್ದರಿಂದ ಸಹಿ ಹಾಕುವ ಮುನ್ನ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿಕೊಳ್ಳಿ, ಅದರ ಪ್ರತಿಯನ್ನು ಕೇಳಿ ಪಡೆಯಿರಿ.