ರಿಬ್ಬನ್ ಸ್ಪೀಕರ್: ವೆಚ್ಚಪಟ್ಟಿಗೆ ಸೇರದ ದಿನಗಳು

ಸವಣೂರಿನ ಯುವ ಕುಶಲಕರ್ಮಿಯೊಬ್ಬರು ತಾವೇ ತಯಾರಿಸಿದ ರಿಬ್ಬನ್ ಸ್ಪೀಕರ್ ಜೋಡಿಯೊಂದಿಗೆ, ಬ್ಯಾಂಕ್ ಸಾಲಕ್ಕೆ ಬೇಕಾದ ಯೋಜನಾ ವರದಿಗಾಗಿ ನಮ್ಮ ಕಚೇರಿಗೆ ಬಂದಿದ್ದರು. 1924ರಲ್ಲಿ ಜರ್ಮನಿಯ ಶಾಟ್ಕಿ ಹಾಗೂ ಗೆರ್ಲಾಖ್ ರೂಪಿಸಿದ ತತ್ತ್ವವೇ ಇದರದು: ಅಯಸ್ಕಾಂತಗಳ ನಡುವಿನ ತೆಳು ಅಲ್ಯೂಮಿನಿಯಂ ಪಟ್ಟಿಯೇ ಕಂಪಿಸಿ ನಾದ ಹೊಮ್ಮಿಸುತ್ತದೆ.

10 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ, 10 ಮೈಕ್ರಾನ್ ದಪ್ಪದ ಪಟ್ಟಿಯ ರೋಧ ಸುಮಾರು 0.027 ಓಮ್ ಮಾತ್ರ. ಆಂಪ್ಲಿಫೈಯರ್ ಬಯಸುವ 8 ಓಮ್‌ಗೆ ಹೊಂದಿಸಲು ಸುಮಾರು 17:1 ಸುತ್ತುಗಳ ಟ್ರಾನ್ಸ್‌ಫಾರ್ಮರ್ ಅನಿವಾರ್ಯ. ಪಟ್ಟಿ ಅಗ್ಗ, ಹಣ ಹೋಗುವುದು ಅಯಸ್ಕಾಂತ, ಟ್ರಾನ್ಸ್‌ಫಾರ್ಮರ್‌ಗಳಿಗೆ.

ಜೋಡಿಯಲ್ಲಿ ಒಂದರ ಧ್ವನಿ ಕ್ಷೀಣಿಸಿತ್ತು. ಪಟ್ಟಿಯನ್ನು ಮೂರು ಸಲ ಬದಲಿಸಿದ್ದರಂತೆ. ಗುರುಗುಟ್ಟುವ ಸದ್ದಿದ್ದರೆ ಪಟ್ಟಿ ಅಂಚಿಗೆ ತಾಗುತ್ತಿದೆ ಎನ್ನಬಹುದಿತ್ತು, ಅದೂ ಇರಲಿಲ್ಲ. ದೋಷವಿದ್ದುದು ಪಟ್ಟಿಯ ತುದಿಯನ್ನು ಬಿಗಿದ ಜಾಗದಲ್ಲಿ. ಅಲ್ಲಿನ ಆಕ್ಸೈಡ್ ಪದರದ ರೋಧವೇ ಪಟ್ಟಿಯದಕ್ಕಿಂತ ಹೆಚ್ಚಾಗಿತ್ತು. ಸಾಮಾನ್ಯ ಮಲ್ಟಿಮೀಟರಿನ ಓಮ್ ಮಾಪನ ಇದನ್ನು ನಂಬುವಂತೆ ತೋರಿಸದು. 1 ಆಂಪಿಯರ್ ಹರಿಸಿ ಮಿಲಿವೋಲ್ಟ್ ಅಳೆಯಬೇಕು. ಪಟ್ಟಿಗೆ 27, ಉಳಿದದ್ದೆಲ್ಲ ಜೋಡಣೆಯ ನಷ್ಟ. (ರೋಕಡ ತಾಳೆಯಾಗದಿದ್ದಾಗ ನಾವೂ ದೊಡ್ಡ ಮೊತ್ತವನ್ನೇ ಮೊದಲು ಶಂಕಿಸುತ್ತೇವಲ್ಲವೇ?)

ಆ ಮೂರು ಪಟ್ಟಿಗಳಿಗೆ ವ್ಯಯವಾದ ದಿನಗಳ ಕೂಲಿ ಅವರ ವೆಚ್ಚಪಟ್ಟಿಯಲ್ಲಿ ಇರಲಿಲ್ಲ. ಸೇರಿಸಿದೊಡನೆ ಅವರು ತೋರಿಸಿದ್ದ ಲಾಭ ಉಳಿಯಲಿಲ್ಲ. ಮೊದಲು ಹತ್ತು ಜೋಡಿಗಳನ್ನು ಬೇಡಿಕೆಯ ಮೇರೆಗೆ ತಯಾರಿಸಿ, ಪ್ರತಿಯೊಂದರ ದುರಸ್ತಿಯ ಗಂಟೆಗಳನ್ನು ಬರೆದಿಡುವಂತೆ ತಿಳಿಸಿದ್ದೇನೆ. ಸಾಲದ ವರದಿ ಅನಂತರ.