ಜೊತೆಗೆ ಯಾರು ಬಂದಿದ್ದೀರಿ?

ಸರ್ಕಾರಿ ಆಸ್ಪತ್ರೆಯ ಚೀಟಿ ಕಿಟಕಿಯ ಮುಂದೆ ವಯಸ್ಸಾದ ಹೆಂಗಸು ನಿಂತರೆ ಎರಡು ಪ್ರಶ್ನೆ ಬರುತ್ತವೆ. ಏನು ತೊಂದರೆ? ಜೊತೆಗೆ ಯಾರು ಬಂದಿದ್ದೀರಿ? ಮೊದಲನೆಯದಕ್ಕೆ ಉತ್ತರ ಸಲೀಸು: ಮಂಡಿನೋವು, ಕಣ್ಣು ಮಂಜು, ತಲೆಸುತ್ತು. ಕಷ್ಟವಾಗುವುದು ಎರಡನೆಯದು. ಮಗ ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದಾನೆ. ಸೊಸೆ ಬೆಳಕು ಹರಿಯುವ ಮೊದಲೇ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್ ಗಾಡಿ ಹತ್ತಿದ್ದಾಳೆ. ಮಗಳು ಗಂಡನ ಮನೆಯಲ್ಲಿ. ಆಗ ಹಿಂದಿನಿಂದ ಒಂದು ದನಿ ಬರುತ್ತದೆ: ‘ನಾನ್ ಬಂದಿದೀನಿ ಸ್ವಾಮಿ.’ ಇವರಿಗೆ ನೀವೇನಾಗಬೇಕು ಎಂದರೆ ಅಕ್ಕ, ತಂಗಿ, ಓರಗಿತ್ತಿ ಯಾವುದೂ ಅಲ್ಲ. ‘ಸಂಘದೋರು.’

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ‘ಸಂಘ’ ಎಂದರೆ ಬಿಡಿಸಿ ಹೇಳಬೇಕಿಲ್ಲ. ಸ್ತ್ರೀಶಕ್ತಿ ಸಂಘವೋ, ಸಂಜೀವಿನಿಯ ಗುಂಪೋ, ಧರ್ಮಸ್ಥಳ ಸಂಘವೋ, ಒಂದು ಬೀದಿಗೆ ಒಂದಾದರೂ ಇರುತ್ತದೆ. ಹದಿನೈದು ಇಪ್ಪತ್ತು ಹೆಂಗಸರು, ಒಂದು ಲೆಕ್ಕದ ಪುಸ್ತಕ, ಒಂದು ನಡಾವಳಿ ಪುಸ್ತಕ, ವಾರಕ್ಕೊಂದು ಸಭೆ. ಸಾಲ ಕೊಡುವುದು, ಕಂತು ಕಟ್ಟುವುದು ಇದರ ಕೆಲಸವೆಂದು ಎಲ್ಲರೂ ತಿಳಿದಿದ್ದಾರೆ. ಅದೇ ಸಂಘದಲ್ಲಿ ಅರವತ್ತು ದಾಟಿದವರು ಸದ್ದಿಲ್ಲದೆ ಇನ್ನೊಂದು ಕೆಲಸ ನಡೆಸಿಕೊಂಡು ಬಂದಿದ್ದಾರೆ. ಅದು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಈ ಲೇಖನ ಅದರ ಬಗ್ಗೆ.

ಸಂಘದ ಬೇರು ಹುಡುಕಲು ದೂರ ಹೋಗಬೇಕಿಲ್ಲ. ಹೊಸಕೋಟೆಯಿಂದ ಮೂಡಲಿಗೆ ಹೊರಟರೆ ಕೋಲಾರ ಜಿಲ್ಲೆ. ಅಲ್ಲಿನ ಕಾಮಸಮುದ್ರದ ಕಡೆ 1984–85ರ ಹೊತ್ತಿಗೆ ಸಹಕಾರ ಸಂಘಗಳು ಮುರಿದುಬಿದ್ದವು. ಆಗ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗಿದ್ದ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಕೂತು ತಾವೇ ಉಳಿತಾಯ, ಸಾಲ ನೋಡಿಕೊಳ್ಳತೊಡಗಿದರು. 1987ರಲ್ಲಿ ನಬಾರ್ಡ್ ಇದಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಇಂಥ ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ದೇಶದ ಮಟ್ಟದಲ್ಲಿ ಶುರುವಾಯಿತು. ನಮ್ಮ ರಾಜ್ಯದ ಸ್ತ್ರೀಶಕ್ತಿ ಬಂದದ್ದು 2000–01ರಲ್ಲಿ, ಅಂಗನವಾಡಿ ಕಾರ್ಯಕರ್ತೆಯರ ಮೂಲಕ. ಆಗ ನಲವತ್ತರ ಆಸುಪಾಸಿನಲ್ಲಿ ಸಂಘ ಸೇರಿ, ವಾರಕ್ಕೆ ಹತ್ತಿಪ್ಪತ್ತು ರೂಪಾಯಿ ಕಟ್ಟಿ, ಹಸುವಿಗೋ ಮಗ್ಗಕ್ಕೋ ಮಗಳ ಮದುವೆಗೋ ಸಾಲ ಎತ್ತಿದವರಿಗೆ ಈಗ ಅರವತ್ತೈದು. ಸಂಘದ ಜೊತೆಯಲ್ಲೇ ಅವರಿಗೂ ವಯಸ್ಸಾಗಿದೆ.

ವಯಸ್ಸಾದವರನ್ನು ಹಣದ ಲೋಕ ಬೇಗ ಕೈಬಿಡುತ್ತದೆ. ಬ್ಯಾಂಕುಗಳು ಮಾಡಿಸುವ ಜೀವನಜ್ಯೋತಿ ವಿಮೆಗೆ ಹೊಸದಾಗಿ ಸೇರಲು 50 ವರ್ಷದೊಳಗಿರಬೇಕು. ಅಪಘಾತದ ಸುರಕ್ಷಾ ವಿಮೆ 70ಕ್ಕೆ ಮುಗಿಯುತ್ತದೆ. ಅಟಲ್ ಪಿಂಚಣಿಗೆ ಸೇರುವ ಬಾಗಿಲು 40ಕ್ಕೇ ಮುಚ್ಚುತ್ತದೆ. ಅಜ್ಜಿಗೆ ದೊಡ್ಡ ಸಾಲ ಕೊಡಲು ಯಾರೂ ಮುಂದಾಗುವುದಿಲ್ಲ, ಅಜ್ಜಿಗೂ ಅದು ಬೇಕಿಲ್ಲ. ಆದರೂ ಸಭೆಯ ದಿನ ಬಂದು ಕೂರುತ್ತಾರೆ. ಕಂತು ಕಟ್ಟುವ ಸೊಸೆಯಂದಿರು ಅವಸರದಲ್ಲಿ ದುಡ್ಡು ಇಟ್ಟು ಎದ್ದು ಹೋದ ಮೇಲೆ ಜಗುಲಿಯ ಮೇಲೆ ಉಳಿಯುವವರು ಇವರೇ. ಈ ಲೇಖನದ ಸಂಘ ಆಗಲೇ ಶುರುವಾಗುವುದು.

ಮೊದಲು ಮಾತ್ರೆಯ ವಿಚಾರ. ದೇಶದ ಹಿರಿಯರ ಬಗ್ಗೆ ನಡೆದ ದೊಡ್ಡ ಸಮೀಕ್ಷೆಯೊಂದರ (2017–18) ವರದಿ 2021ರ ಜನವರಿಯಲ್ಲಿ ಹೊರಬಂತು. ಅದರ ಪ್ರಕಾರ ಅರವತ್ತು ದಾಟಿದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬಿಪಿ ಇದೆ. ಏಳು ಜನರಲ್ಲಿ ಒಬ್ಬರಿಗೆ ಶುಗರ್. ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ವಿಚಾರಿಸುತ್ತಾಳೆ. ಅಷ್ಟಾದರೂ ಓದಲು ಬಾರದ ಕಣ್ಣಿಗೆ ಎಲ್ಲ ಬೆಳ್ಳಿ ಪಟ್ಟಿಯೂ ಒಂದೇ. ಹೋದ ತಿಂಗಳು ಗುಲಾಬಿ ಬಣ್ಣದಲ್ಲಿದ್ದ ಮಾತ್ರೆ ಈ ತಿಂಗಳು ಬೇರೆ ಕಂಪನಿಯಿಂದ ಬಂದು ಬಿಳಿಯಾಗಿರುತ್ತದೆ. ಸಭೆಯ ದಿನ ಸೆರಗಿನ ಗಂಟಿನಿಂದಲೋ ಎಲೆಅಡಿಕೆ ಚೀಲದಿಂದಲೋ ಪಟ್ಟಿಗಳು ಹೊರಬರುತ್ತವೆ. ಏಳನೇ ಕ್ಲಾಸು ಓದಿದ ಒಬ್ಬಳು ಕನ್ನಡಕ ಏರಿಸಿ ನೋಡುತ್ತಾಳೆ. ಬೆಳಗಿನದರ ತುದಿಯನ್ನು ಸೂರ್ಯನ ಕಡೆಯದು ಎಂದು ಕತ್ತರಿಯಿಂದ ಓರೆಯಾಗಿ ಕತ್ತರಿಸುತ್ತಾಳೆ, ರಾತ್ರಿಯದನ್ನು ಹಾಗೇ ಬಿಡುತ್ತಾಳೆ. ಕತ್ತಲಲ್ಲೂ ಬೆರಳಿಗೆ ಗೊತ್ತಾಗಬೇಕು, ಅದಕ್ಕೆ.

ಉಪವಾಸದ ದಿನದ ಎಚ್ಚರಿಕೆ ಇನ್ನೂ ದೊಡ್ಡದು. ಶನಿವಾರ ಒಪ್ಪೊತ್ತು, ಏಕಾದಶಿ, ಮನೆದೇವರ ಹರಕೆ ಎಂದು ಊಟ ಬಿಡುವವರು ಮಾತ್ರೆ ಮಾತ್ರ ನಿಷ್ಠೆಯಿಂದ ನುಂಗುತ್ತಾರೆ. ಗ್ಲಿಮೆಪಿರೈಡ್ ಜಾತಿಯ ಶುಗರ್ ಮಾತ್ರೆ ನುಂಗಿ ಊಟ ತಪ್ಪಿಸಿದರೆ ರಕ್ತದ ಸಕ್ಕರೆ ತೀರಾ ಇಳಿಯಬಹುದು. ಆಗ ಕೈ ನಡುಗುತ್ತದೆ, ಮೈ ಬೆವರುತ್ತದೆ, ಮಾತು ತೊದಲುತ್ತದೆ. ಮನೆಯವರು ‘ದೇವರು ಬಂತು’ ಎಂದು ಕೈಮುಗಿದು ನಿಲ್ಲುವುದೂ ಉಂಟು. ತಾನೂ ಒಮ್ಮೆ ಹಾಗೆ ಬಿದ್ದು ಎದ್ದವಳು ಪಕ್ಕದಲ್ಲಿದ್ದರೆ, ಪ್ರಜ್ಞೆ ಇದ್ದವಳಿಗೆ ಮಾತ್ರ ಮೊದಲು ಬಾಯಿಗೆ ಬೆಲ್ಲ ಹಾಕುತ್ತಾಳೆ, ಸಕ್ಕರೆ ನೀರು ಕುಡಿಸುತ್ತಾಳೆ, ಆಮೇಲೆ 108ಕ್ಕೆ ಫೋನು ಮಾಡಿಸುತ್ತಾಳೆ. ಡಾಕ್ಟರು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ್ದು ಇಲ್ಲಿ ಹತ್ತು ಸಲ ಕೇಳಿ, ನೋಡಿ, ಬೈಸಿಕೊಂಡು ತಲೆಗೆ ಹೋಗುತ್ತದೆ. ‘ಮುದ್ದೆ ತಿಂದೋರಿಗೆ ಶುಗರ್ ಬರಲ್ಲ’ ಎಂಬ ನಮ್ಮ ಸೀಮೆಯ ಹಳೇ ನಂಬಿಕೆಯೂ ಇಲ್ಲೇ ಮುರಿಯುತ್ತಿದೆ. ರಾಗಿ ಒಳ್ಳೆಯದೇ. ಹೊಲದ ಕೆಲಸ ಬಿಟ್ಟು ಕೂತವರಿಗೆ ಕಳೆ ಕೀಳುವ ಕಾಲದ ಗಾತ್ರದ ಮುದ್ದೆ ಯಾಕೆ ಎಂದು ಅಜ್ಜಿಯೇ ಅಜ್ಜಿಗೆ ಹೇಳಿದರೆ ಜಗಳವಾಗುವುದಿಲ್ಲ. ಸೊಸೆ ಹೇಳಿದರೆ ಆಗುತ್ತದೆ.

ಇನ್ನು ಕಣ್ಣಿನ ಪೊರೆ. ಶಿಬಿರದಲ್ಲಿ ತಪಾಸಣೆ, ಬೆಂಗಳೂರಿನಲ್ಲಿ ಆಪರೇಷನ್, ಅದು ಸುಲಭದ ಭಾಗ. ನಿಜವಾದ ಕೆಲಸ ಮನೆಗೆ ಬಂದ ಮೇಲೆ. ದಿನಕ್ಕೆ ನಾಲ್ಕೈದು ಸಲ ಹನಿ ಹಾಕಬೇಕು, ಅದೂ ವಾರಗಟ್ಟಲೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ, ಒಲೆಯ ಹೊಗೆಗೆ ಕೂರುವಂತಿಲ್ಲ, ಬಿಂದಿಗೆ ಎತ್ತುವಂತಿಲ್ಲ. ನಡುಗುವ ಕೈಯಿಂದ ತನ್ನ ಕಣ್ಣಿಗೆ ತಾನೇ ಹನಿ ಬಿಟ್ಟುಕೊಳ್ಳುವುದನ್ನು ಯಾರಾದರೂ ಪ್ರಯತ್ನಿಸಿ ನೋಡಲಿ. ಅರ್ಧ ಬಾಟಲಿ ಕೆನ್ನೆಗೇ. ಹಾಗಾಗಿ ಸಂಘದವರು ಸರದಿ ಹಾಕಿಕೊಳ್ಳುತ್ತಾರೆ. ಗಡಿಯಾರದ ಲೆಕ್ಕ ಬೇಡ. ಡೇರಿಗೆ ಹಾಲು ಹಾಕಿ ಬರುವಾಗ ಒಬ್ಬಳು, ಶಾಲೆಯ ಊಟದ ಗಂಟೆಗೆ ಇನ್ನೊಬ್ಬಳು, ಸಂಜೆ ಮತ್ತೆ ಡೇರಿಯ ಹೊತ್ತಿಗೆ ಮೂರನೆಯವಳು, ಸೀರಿಯಲ್ ಶುರುವಾಗುವ ಮುಂಚೆ ಪಕ್ಕದ ಮನೆಯವಳು. ‘ಕಣ್ ಬಿಡಕ್ಕ, ಮೇಲ್ ನೋಡು, ಉಜ್ಜಬ್ಯಾಡ’ ಎಂಬಷ್ಟೇ ಮಾತು. ಕುಡಿಯುವ ನೀರಿನ ಘಟಕದಿಂದ ಇಪ್ಪತ್ತು ಲೀಟರ್ ಕ್ಯಾನು ಹೊತ್ತು ತರುವ ಕೆಲಸ ಆ ದಿನಗಳಲ್ಲಿ ಯಾರದೋ ಮೊಮ್ಮಗನ ಸೈಕಲ್ಲಿಗೆ ಬೀಳುತ್ತದೆ.

ಆಸ್ಪತ್ರೆಗೆ ಜೊತೆ ಹೋಗುವುದಕ್ಕೆ ಈಚೆಗೆ ಒಂದು ಅನುಕೂಲವೂ ಒದಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ. ದೇವಸ್ಥಾನಗಳು ತುಂಬಿದವು ಎಂದು ಎಲ್ಲರೂ ಬರೆದರು. ಆಸ್ಪತ್ರೆಯ ಬೆಂಚುಗಳ ಬಗ್ಗೆ ಬರೆದವರು ಕಡಿಮೆ. ಮೊದಲು ರೋಗಿಯ ಬಸ್ ಚಾರ್ಜೇ ಭಾರ, ಅದರ ಮೇಲೆ ಜೊತೆಗೆ ಬರುವವಳದೂ ಸೇರುತ್ತಿತ್ತು. ಈಗ ಆಧಾರ್ ಕಾರ್ಡ್ ತೋರಿಸಿದರೆ ಇಬ್ಬರಿಗೂ ಜೀರೊ ಟಿಕೆಟ್. ಊರಿನಿಂದ ಮೇನ್ ರೋಡಿಗೆ ಆಟೊ ದುಡ್ಡು ಮಾತ್ರ ಕೈಯಿಂದ. ಅದಕ್ಕೆ ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿಯೋ, ಗೃಹಲಕ್ಷ್ಮಿಯ 2,000 ರೂಪಾಯಿಯೋ ಇರುತ್ತದೆ. (ಗೃಹಲಕ್ಷ್ಮಿ ರೇಷನ್ ಕಾರ್ಡಿನ ಯಜಮಾನಿಗೆ ಬರುವ ದುಡ್ಡು. ಯಜಮಾನಿ ಅತ್ತೆಯೋ ಸೊಸೆಯೋ ಎಂಬ ವ್ಯಾಜ್ಯ ಎಷ್ಟು ಮನೆಗಳಲ್ಲಿ ನಡೆದಿದೆ ಎಂಬುದು ಬೇರೆಯೇ ಲೇಖನ.) ದುಡ್ಡು ಬಿಡಿಸಲು ಹೋದರೂ ಜೊತೆ ಬೇಕು. ನಲವತ್ತು ವರ್ಷ ಕಳೆ ಕಿತ್ತು, ಸಗಣಿ ಬಾಚಿ, ಪಾತ್ರೆ ಉಜ್ಜಿದ ಹೆಬ್ಬೆಟ್ಟಿನ ಗೆರೆ ಯಂತ್ರಕ್ಕೆ ಕಾಣುವುದಿಲ್ಲ. ‘ಬೆರಳು ಬರ್ತಿಲ್ಲ ಅಜ್ಜಿ, ನಾಳೆ ಬಾ’ ಎಂದಾಗ, ‘ಇನ್ನೊಂದ್ ಬೆರಳು ಇಕ್ಕು, ಕೈ ಒರೆಸ್ಕೊಂಡು ಇಕ್ಕು’ ಎಂದು ಪಟ್ಟು ಹಿಡಿಯುವವಳೊಬ್ಬಳು ಪಕ್ಕದಲ್ಲಿದ್ದರೆ ನಾಳೆಯ ತಿರುಗಾಟ ಉಳಿಯುತ್ತದೆ.

ಗಂಡ, ಮಗ, ಡಾಕ್ಟರು ಯಾರ ಮುಂದೆಯೂ ಬಾಯಿಬಿಡದ ಕಾಯಿಲೆಗಳಿವೆ. ಗರ್ಭಕೋಶ ಜಾರಿರುವುದು, ಕೆಮ್ಮಿದರೆ ಉಚ್ಚೆ ಜಿನುಗುವುದು, ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸುವುದು. ಕೊನೆಯದನ್ನಂತೂ ಒಂದು ವಾರವೂ ಮುಚ್ಚಿಡಬಾರದು. ಗರ್ಭಕೋಶದ ಕ್ಯಾನ್ಸರಿನ ಸೂಚನೆ ಅದಾಗಿರಬಹುದು. ‘ವಯಸ್ಸಾದ ಮೇಲೆ ಇದನ್ನೆಲ್ಲ ಹೆಂಗೆ ಹೇಳ್ಕಳದು’ ಎಂದು ಇವರು ವರ್ಷಗಟ್ಟಲೆ ಸೀರೆ ಬಿಗಿದು ಕೂತಿರುತ್ತಾರೆ. ಬಟ್ಟೆ ಒಗೆಯುವಾಗಲೋ ಅವರೆಕಾಯಿ ಸುಲಿಯುವಾಗಲೋ ಓರಗೆಯವಳ ಮುಂದೆ ಮಾತು ಜಾರುತ್ತದೆ. ಅವಳು ಮರುದಿನವೇ ಕೈಹಿಡಿದು ಲೇಡಿ ಡಾಕ್ಟರ ಹತ್ತಿರ ಕರೆದೊಯ್ದು, ರೋಗಿಯ ಬಾಯಿಂದ ಹೊರಡದ್ದನ್ನು ತಾನೇ ಹೇಳುತ್ತಾಳೆ. ನನ್ನ ದೃಷ್ಟಿಯಲ್ಲಿ ಸಂಘ ಮಾಡುತ್ತಿರುವ ಅತಿ ದೊಡ್ಡ ಕೆಲಸ ಇದು. ಯಾವ ಯೋಜನೆಯ ಹಾಳೆಯಲ್ಲೂ ಇದಕ್ಕೊಂದು ಕಲಂ ಇಲ್ಲ.

ಹಾಗೆಂದು ಇವರನ್ನು ದೇವತೆಗಳ ಸಾಲಿಗೆ ಸೇರಿಸಬೇಕಿಲ್ಲ. ಒಬ್ಬಳಿಗೆ ಒಗ್ಗಿದ ಮಾತ್ರೆಯನ್ನು ಇನ್ನೊಬ್ಬಳಿಗೆ ಹಂಚುವುದು ಇದೇ ಜಗುಲಿಯಲ್ಲಿ. ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆಯನ್ನು ಮಂಡಿಗೆಂದು ತಿಂಗಳಾನುಗಟ್ಟಲೆ ನುಂಗಿ, ನುಂಗಿಸಿ ಕಿಡ್ನಿಗೆ ಕುತ್ತು ತರುವುದೂ ಇಲ್ಲೇ. ಕಡ್ಡಿಪುಡಿ, ಹೊಗೆಸೊಪ್ಪಿನ ಚೀಲ ಸಭೆಯಲ್ಲಿ ಕೈಯಿಂದ ಕೈಗೆ ಸುತ್ತುತ್ತದೆ. ಬೆಂಗಳೂರು ಸೀಮೆಯ ಹೆಂಗಸರಲ್ಲಿ ಕಾಣುವ ಮುಖ್ಯ ಕ್ಯಾನ್ಸರುಗಳಲ್ಲಿ ಬಾಯಿಯದೂ ಒಂದು. ಬಿಪಿಯ ಬಗ್ಗೆ ಗಂಟೆಗಟ್ಟಲೆ ಬುದ್ಧಿ ಹೇಳುವವರು ಈ ವಿಷಯ ಬಂದರೆ ಮಾತು ತಿರುಗಿಸುತ್ತಾರೆ. ಇನ್ನೊಂದನ್ನೂ ಹೇಳಬೇಕು. ಸಂಘಗಳು ಹೆಚ್ಚಾಗಿ ಕೇರಿಯ ಲೆಕ್ಕದಲ್ಲಿ, ಎಂದರೆ ಜಾತಿಯ ಲೆಕ್ಕದಲ್ಲಿ ಕಟ್ಟಿಕೊಂಡಂಥವು. ಕಂತು ಕಟ್ಟಲಾರದೆ ಹಿಂದೆಯೇ ಸಂಘ ಬಿಟ್ಟ ಒಂಟಿ ವಿಧವೆ ಈ ಜೊತೆಯಿಂದಲೂ ಹೊರಗೇ ಉಳಿಯುತ್ತಾಳೆ. ಮೈಕ್ರೊಫೈನಾನ್ಸಿನವರ ಸಾಲ ನುಗ್ಗಿದ ಕಡೆ, ಒಬ್ಬಳು ಕಟ್ಟದಿದ್ದರೆ ಉಳಿದವರ ಮನೆ ಮುಂದೆ ಏಜೆಂಟು ನಿಲ್ಲುತ್ತಿದ್ದುದರಿಂದ, ಹೆಂಗಸರು ಒಬ್ಬರ ಮುಖ ಒಬ್ಬರು ನೋಡದಂತಾದರು. ಅಂಥ ವಸೂಲಿಗೆ ಕಡಿವಾಣ ಹಾಕಲು 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಅಜ್ಜಿಯರು ಹೀಗೆ ಕೂತು ಮಾತಾಡುವುದಕ್ಕೆ ಔಷಧದ ಗುಣವಿದೆ ಎಂಬುದನ್ನು ದೂರದ ಜಿಂಬಾಬ್ವೆಯಲ್ಲಿ ಅಳೆದು ತೋರಿಸಿದ್ದಾರೆ. ಹರಾರೆಯ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂತು ಮನಸ್ಸು ಕುಗ್ಗಿದವರ ಮಾತು ಕೇಳಲು ಹೇಳಿದರು. 573 ಜನರ ಮೇಲೆ ನಡೆದ ಪ್ರಯೋಗದ ಫಲ 2016ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು: ಅಜ್ಜಿಯರ ಬೆಂಚಿಗೆ ಬಂದವರು ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ನಮ್ಮಲ್ಲಿ ಅಂಥ ತರಬೇತಿ ಇಲ್ಲ, ಅಳತೆಯೂ ಇಲ್ಲ, ಜಗುಲಿ ಇದೆ. ಒಟ್ಟಿಗೆ ಕೂರುವುದರ ತಾಕತ್ತು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಜಮೀನನ್ನು ಭೂಸ್ವಾಧೀನದಿಂದ ಉಳಿಸಿಕೊಳ್ಳಲು 2022ರ ಏಪ್ರಿಲ್‌ನಿಂದ ನಡೆದ ಧರಣಿಯಲ್ಲಿ ಹೆಂಗಸರೂ ಕೂತರು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು.

ಹಗಲನ್ನು ಇವರು ಹೇಗೋ ಹಂಚಿಕೊಂಡಿದ್ದಾರೆ. ರಾತ್ರಿ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುವುದು ಎಷ್ಟೋ ಸಲ ಬಚ್ಚಲಿಗೆ ಎದ್ದು ಹೋಗುವಾಗ, ಒಳಗಿನಿಂದ ಚಿಲಕ ಹಾಕಿದ ಮನೆಯಲ್ಲಿ. ಹಿರಿಯರಿಗೆಂದೇ 14567 ಎಂಬ ಸಹಾಯವಾಣಿ ಇದೆ, ಆದರೆ ಬಿದ್ದವಳ ಫೋನು ಗೂಡಿನ ಮೇಲೆ ಚಾರ್ಜಿಗೆ ಇಟ್ಟಿರುತ್ತದೆ. ಹಾಗಾಗಿ ಒಂಟಿಯಾಗಿರುವವಳ ಮನೆಗೆ ‘ಮಲಗೋಕೆ ಹೋಗುವ’ ಪದ್ಧತಿ ಹಲವು ಕಡೆ ನಡೆದಿದೆ. ಮಗ ಸೊಸೆ ಕೂಡಿದ ಮನೆಯಲ್ಲಿ ಉಂಡು, ದಿಂಬು ಕಂಕುಳಲ್ಲಿ ಇರುಕಿಕೊಂಡು ರಾತ್ರಿ ಒಂಬತ್ತಕ್ಕೆ ಹೊರಡುತ್ತಾರೆ. ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ವಾಪಸ್ಸು. ಇದರಲ್ಲಿ ತಕರಾರು ಬರುವುದು ಒಂದೇ ವಿಷಯಕ್ಕೆ: ಯಾವ ಚಾನೆಲ್ಲಿನ ಯಾವ ಸೀರಿಯಲ್ ನೋಡುವುದು ಎಂದು. ಮನೆ ಯಾರದೋ ರಿಮೋಟು ಅವರದು ಎಂದು ಕೆಲವರು ಸಭೆಯಲ್ಲೇ ತೀರ್ಮಾನ ಮಾಡಿಕೊಂಡಿದ್ದಾರೆ.